ಅಜ್ಜಿ ಬಿಟ್ಟ ಸಂದಿ

ಆ ಬೇಸಿಗೆಯಲ್ಲಿ ನನ್ನ ಎಡಗಣ್ಣು ಪೂರ್ತಿ ಹೋಗಬಹುದಿತ್ತು. ಅದನ್ನು ನೋಡಿ ಬಲಗಣ್ಣೂ ಹೊರಡಬಹುದಿತ್ತು. ಡಾಕ್ಟರು ಕಣ್ಣು ಕಿತ್ತು, ತೊಳೆದು, ವಾಪಸು ಇಡುವಾಗ ಹಿಂದುಮುಂದಾಗಿ ಇಡಬಹುದಿತ್ತು. ಐದೂವರೆ ವರ್ಷಕ್ಕೇ ಇಷ್ಟು ಭಯ ಕೂಡಿಹಾಕಿದ್ದೆ. ಈಗ ಐವತ್ತರ ಹತ್ತಿರ ಬಂದರೂ ಕಸುಬು ಅದೇ.

ಶುರುವಾಗಿದ್ದು ಕಣ್ಣಾಮುಚ್ಚಾಲೆಯಿಂದ. ಆಗ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ರಜೆಯೆಂದರೆ ಹೊಸ ಹುಣಸೆಹಣ್ಣಿನ ವಾಸನೆ. ಅಜ್ಜಿ ಜಗಲಿಯಲ್ಲಿ ಬೀಜ ಬಿಡಿಸುತ್ತ ಕೂತಿರುತ್ತಿದ್ದಳು. ಹುಡುಕುವವರ ಕಣ್ಣು ಮುಚ್ಚುವ ಕೆಲಸವೂ ಅವಳದೇ. ನನ್ನ ಸರದಿ ಬಂದಾಗ ಮಾತ್ರ, ಮೊಮ್ಮಗಳು ಸೋಲಬಾರದೆಂದು, ಎಡಗಣ್ಣಿನ ಮೇಲಿನ ಬೆರಳುಗಳನ್ನು ಯಾರಿಗೂ ಗೊತ್ತಾಗದಂತೆ ಅಗಲಿಸುತ್ತಿದ್ದಳು. ಆದರೂ ನಾನು ದಿನಾ ಸೋಲುತ್ತಿದ್ದೆ. ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ.

“ಅಷ್ಟು ದೊಡ್ಡ ಸಂದಿ ಬಿಟ್ಟಿದೀನಿ, ಯಾರೆಲ್ಲಿ ಓಡಿದ್ರು ಅಂತ ಕಾಣ್ಲಿಲ್ವೇನೇ?” ಎಂದು ಕಿವಿಯಲ್ಲಿ ಕೇಳಿದಳು.

“ಯಾವ ಸಂದಿ ಅಜ್ಜಿ?”

ಅವಳು ನನ್ನ ಬಲಗಣ್ಣನ್ನು ಒತ್ತಿ ಮುಚ್ಚಿ, ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದಳು. ಬೆರಳಿರಲಿ, ಅಜ್ಜಿಯ ಮುಖವೇ ಕಣ್ಣುಮೂಗಿಲ್ಲದ ಹಿಟ್ಟಿನುಂಡೆಯಾಗಿತ್ತು. ಸದಾ ಬಯ್ಯುವ ಅಜ್ಜಿ ಬಯ್ಯಲಿಲ್ಲ. ಅದಕ್ಕೇ ನನಗೆ ಹೆದರಿಕೆ ಶುರುವಾಯಿತು.

ಕಣ್ಣು ನೆಟ್ಟಗೇ ಇತ್ತು, ಮೆಳ್ಳೆ ಇರಲಿಲ್ಲ. ಹಾಗಾಗಿ ಮನೆಯವರಿಗೆ ಅನುಮಾನವೇ ಬಂದಿರಲಿಲ್ಲ. ಎಡಗಣ್ಣು ಸೋಮಾರಿಯಾಗಿದೆ, ಬಲಗಣ್ಣೊಂದೇ ದುಡಿಯುತ್ತಿದೆ ಎಂದರು ಡಾಕ್ಟರು. ಈ ವಯಸ್ಸಿಗೇ ಗೊತ್ತಾಗಿದ್ದು ಪುಣ್ಯ, ಇನ್ನೂ ತಡವಾಗಿದ್ದರೆ ಕಷ್ಟವಿತ್ತಂತೆ. ಕನ್ನಡಕ ಬರೆದುಕೊಟ್ಟು, ಸೋಮಾರಿ ಕಣ್ಣು ದುಡಿಯಲೆಂದು ದಿನಾ ಕೆಲವು ಗಂಟೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಲು ಹೇಳಿದರು. ಕತ್ತಲಲ್ಲಿ ಕೂತು ಆ ಒಳ್ಳೆಯ ಕಣ್ಣೂ ಸೋಮಾರಿತನ ಕಲಿತರೆ ಎಂದು ನನಗೆ ಹೊಸ ಭಯ. ಪಟ್ಟಿ ಬಿದ್ದೊಡನೆ ವಠಾರವೆಲ್ಲ ಕಲಸಿಹೋಗುತ್ತಿತ್ತು. ಬಚ್ಚಲಿಗೂ ಅಜ್ಜಿಯ ಸೆರಗು ಹಿಡಿದೇ ಹೋಗುತ್ತಿದ್ದೆ. ಅವಳು ಹುಣಸೆಬೀಜ ಎಣಿಸಲು ಕೂರಿಸಿದರೆ, ಕಾಣದ್ದನ್ನು ಬೆರಳಲ್ಲಿ ತಡವಿ ಎಣಿಸಿ ಮೋಸ ಮಾಡುತ್ತಿದ್ದೆ.

ದಸರಾ ಗೊಂಬೆ ಇಳಿಸುವ ಹೊತ್ತಿಗೆ ಒಂದು ಬೆಳಿಗ್ಗೆ, ಪಟ್ಟಿ ಹಾಕಿಕೊಂಡೇ ಹೇಳಿದೆ: “ಅಜ್ಜಿ, ನಿನ್ನ ಮೂಗುಬೊಟ್ಟಲ್ಲಿ ಒಂದು ಹರಳಿಲ್ಲ.”

“ಅದು ಬಿದ್ದು ಎರಡು ವರ್ಷ ಆಯ್ತು ಕಣೇ,” ಎಂದವಳು ಮುಖ ಆಚೆ ತಿರುಗಿಸಿದಳು. ದುಡಿಯುವ ಕಣ್ಣು ಎರಡು ವರ್ಷ ಗಮನಿಸದ್ದನ್ನು ಸೋಮಾರಿ ಕಣ್ಣು ಕಂಡುಹಿಡಿದಿತ್ತು.

ಈಗ ಆ ವಠಾರವಿಲ್ಲ, ಜಗಲಿಯಿಲ್ಲ, ಅಜ್ಜಿಯೂ ಇಲ್ಲ. ಎಡಗಣ್ಣು ಚೆನ್ನಾಗಿದೆ. ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಆಗಿದ್ದು ಇಷ್ಟೇ: ಆ ದಸರಾ ರಜೆಯಲ್ಲಿ ಹುಡುಕುವ ಸರದಿ ಬಂದಾಗ, ಎಡಗಣ್ಣು ಅಗಲವಾಗಿ ತೆರೆದು ಸಂದಿಗಾಗಿ ಕಾದೆ. ಅಜ್ಜಿ ಬೆರಳುಗಳನ್ನು ಬಿಗಿಯಾಗಿ ಸೇರಿಸಿದಳು.

“ಈಗ ಎರಡೂ ಕಣ್ಣಿದೆಯಲ್ಲ,” ಎಂದಳು. “ಎಲ್ಲರ ಹಾಗೆ ಹುಡುಕು.”