ಬೇಲರಿನ ಗಂಟೆ

ನಮ್ಮ ಮನೆಗೆ ಬಂದಾಗಲೇ ಆ ಬೇಲರಿಗೆ ವಯಸ್ಸಾಗಿತ್ತು. ಗದ್ದೆಯಲ್ಲಿ ಬಿದ್ದ ಹುಲ್ಲನ್ನು ಬಾಚಿ, ಹೊಟ್ಟೆಯೊಳಗೆ ತಿರುಗಿಸಿ, ಸುತಳಿ ಸುತ್ತಿ, ದುಂಡನೆಯ ಉಂಡೆ ಮಾಡಿ ಹಿಂದಿನ ಬಾಗಿಲಿನಿಂದ ಹೊರಗೆ ಹಾಕುವ ಯಂತ್ರ ಅದು. ಯಾರೋ ಬಳಸಿ ಬೇಸತ್ತು ಮಾರಿದ್ದನ್ನು ನಮ್ಮ ಮನೆಯವರು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ನಮ್ಮೂರು ಸುಳ್ಳಕ್ಕೆ ತಂದಾಗ, ಮದುವೆಯಾಗಿ ನನಗಿನ್ನೂ ವರ್ಷ ತುಂಬಿರಲಿಲ್ಲ. ಬಣ್ಣ ಹೋಗಿತ್ತು, ಹುಲ್ಲು ಬಾಚುವ ಹಲ್ಲುಗಳಲ್ಲಿ ಅರ್ಧ ಮುರಿದಿದ್ದವು.

"ನೀವು ಇದನ್ನ ತಂದೀರೋ, ಇದೇ ನಿಮ್ಮನ್ನ ಎಳಕೊಂಡು ಬಂತೋ?" ಎಂದೆ. ಅವರು ನಕ್ಕು ಬೋಲ್ಟ್ ಬಿಚ್ಚುವ ಪಾನಾ ಹುಡುಕಲು ಹೋದರು.

ಅಲ್ಲಿಂದ ಶುರುವಾದ ರಿಪೇರಿ ನಿಲ್ಲಲೇ ಇಲ್ಲ. ಒಂದು ಸುಗ್ಗಿಗೆ ಬೇರಿಂಗ್, ಇನ್ನೊಂದು ಸುಗ್ಗಿಗೆ ಚೈನು. ಸುತಳಿ ಕತ್ತರಿಸುವ ಚಾಕು ಮೊಂಡಾದರೆ ಉಂಡೆ ಬಾಲ ಬಿಟ್ಟುಕೊಂಡೇ ಹೊರಬೀಳುತ್ತಿತ್ತು. ನನ್ನ ಹಳೆಯ ಸೀರೆಗಳೆಲ್ಲ ಗ್ರೀಸ್ ಒರೆಸುವ ಬಟ್ಟೆಯಾದವು. ದೊಡ್ಡ ಕೆಲಸವಿದ್ದರೆ ಅಮರಗೋಳದ ಮೆಕ್ಯಾನಿಕ್ ಚಾಚಾನ ಗ್ಯಾರೇಜು, ಸಣ್ಣದಕ್ಕೆ ನಮ್ಮ ಅಂಗಳ. ಇಷ್ಟೆಲ್ಲ ಆದರೂ ಒಂದು ಮಾತ್ರ ಹಾಗೇ ಉಳಿದಿತ್ತು, ಗಂಟೆ. ಉಂಡೆ ತುಂಬಿದ ಕೂಡಲೇ ಅದು ಹೊಡೆಯಬೇಕು, ಕೇಳಿಸಿಕೊಂಡು ಡ್ರೈವರ್ ಟ್ರ್ಯಾಕ್ಟರ್ ನಿಲ್ಲಿಸಬೇಕು. ನಮ್ಮದು ಹೊಡೆಯುತ್ತಿರಲಿಲ್ಲ. ತಂದಾಗಿನಿಂದಲೇ ಕೆಟ್ಟಿದೆ ಎಂದು ಅವರು ಹೇಳಿದ್ದರು.

ಅದಕ್ಕೇ ನಾನು ಬೇಕಾದೆ. ಟ್ರ್ಯಾಕ್ಟರ್ ಓಡಿಸುವ ಅವರ ಪಕ್ಕ, ಮಡ್‌ಗಾರ್ಡ್ ಮೇಲೆ ಹಿಂದಕ್ಕೆ ಮುಖ ಮಾಡಿ ಕೂಡುತ್ತಿದ್ದೆ. ಉಂಡೆ ತುಂಬಿದಾಗ ಬೇಲರಿನ ಬಾಗಿಲಿನ ಸಂದು ಒಂದು ಬೆರಳಷ್ಟು ಬಿರಿಯುತ್ತದೆ. ಅದು ಕಂಡ ತಕ್ಷಣ ಅವರ ಬೆನ್ನಿಗೆ ಅಂಗೈಯಿಂದ ಒಂದು ಏಟು. ನಮ್ಮತ್ತೆಗೆ ಇದು ಸರಿ ಬರಲಿಲ್ಲ.

"ಹೊಸಾ ಸೊಸಿ ಟ್ರ್ಯಾಕ್ಟರ್ ಮ್ಯಾಗ ಕುಂತು ಊರೂರು ತಿರಗೂದು ಅಂದ್ರ ಏನು? ಮಂದಿ ಏನಂದಾರು?"

"ಗಂಟಿ ಕೆಟ್ಟೈತಿ ಅವ್ವಾ. ಹಿಂದ ನೋಡಾಕ ಒಬ್ರು ಬೇಕಲ್ಲ," ಎಂದರು ಇವರು, ತಲೆ ಎತ್ತದೆ.

ಅತ್ತೆ ಗೊಣಗುತ್ತ ಒಳಗೆ ಹೋದರು. ಬುತ್ತಿ ಮಾತ್ರ ಇಬ್ಬರಿಗೂ ಕಟ್ಟಿಕೊಟ್ಟರು.

ಹೀಗೆ ಪ್ರತಿ ಸುಗ್ಗಿಯಲ್ಲೂ ಕಲಘಟಗಿ ಕಡೆಯ ಭತ್ತದ ಗದ್ದೆಗಳನ್ನು ಸುತ್ತಿದೆವು. ಧೂಳಿಗೆ ಕಣ್ಣು ಉರಿಯುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ನಾನೂ ಬಾಯಿ ಮುಚ್ಚಿಕೊಂಡು ಇರುವವಳಲ್ಲ.

"ಇಡೀ ಮಷೀನ್ ಬಿಚ್ಚಿ ಜೋಡಸ್ತೀರಿ, ಆ ಗಂಟಿ ಒಂದು ಮಾಡಸಾಕ ಏನ್ ಧಾಡಿ ನಿಮಗ?"

"ಮಾಡಸೂಣಂತ, ಮುಂದಿನ ಸುಗ್ಗಿಗೆ."

ಮನೆಯಲ್ಲಿ ಅವ್ವನೆದುರು ನಾಲ್ಕು ಮಾತಾಡದ ಮನುಷ್ಯ, ಬದುವಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ನನಗೆ ಅದೂ ಇದೂ ಹೇಳುತ್ತಿದ್ದರು. ಯಾವ ಊರಿನ ನೀರು ಸಿಹಿ, ಚಿಕ್ಕಂದಿನಲ್ಲಿ ಯಾವ ಮರದಿಂದ ಬಿದ್ದು ಗದ್ದ ಒಡೆದುಕೊಂಡದ್ದು, ಎಲ್ಲ. ಮನೆಗೆ ಬಂದರೆ ಮತ್ತೆ ಬಾಯಿಗೆ ಬೀಗ.

ಕಳೆದ ಸುಗ್ಗಿ ಮುಗಿದ ಮೇಲೆ ಅವರು ಎದೆ ಹಿಡಿದುಕೊಂಡು ಕುಸಿದರು. ವಿದ್ಯಾನಗರದ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಬೇಲರ್ ಅಂಗಳದಲ್ಲೇ ನಿಂತಿತ್ತು. ಮಾರಿಬಿಡು ಎಂದವರೇ ಎಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಕೈ ಮುಟ್ಟದ ಒಂದು ಬೋಲ್ಟೂ ಅದರಲ್ಲಿಲ್ಲ, ಮಾರುವುದು ಹೇಗೆ? ಊರಿನ ಒಬ್ಬ ಡ್ರೈವರನನ್ನು ಗೊತ್ತುಮಾಡಿ, ಸುಗ್ಗಿಗೆ ಮುಂಚೆ ಯಂತ್ರವನ್ನು ಅಮರಗೋಳಕ್ಕೆ ಕಳಿಸಿದೆ. ನಾನೂ ಬಸ್ಸಿನಲ್ಲಿ ಹೋದೆ. ಸುಗ್ಗಿಯಲ್ಲಿ ಪರ ಗಂಡಸಿನ ಪಕ್ಕ ಮಡ್‌ಗಾರ್ಡ್ ಮೇಲೆ ಕೂಡುವುದು ನನ್ನಿಂದಾಗದು. ಆ ಸೀಟಿನಲ್ಲಿ ಇನ್ನೊಬ್ಬನ ಬೆನ್ನು ನೋಡುವುದಂತೂ ಮೊದಲೇ ಆಗದು. ಹಾಗಾಗಿ ಗಂಟೆ ಬೇಕೇ ಬೇಕಿತ್ತು.

"ಚಾಚಾ, ಈ ಸಲ ಗಂಟಿ ಹೊಸಾದು ಹಾಕಿಬಿಡ್ರಿ," ಎಂದೆ.

ಚಾಚಾ ತಗಡಿನ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿದರು. ಆಮೇಲೆ ನನ್ನನ್ನು ನೋಡಿದರು.

"ತಂಗೆವ್ವಾ, ಗಂಟಿಗೆ ಏನೂ ಆಗಿಲ್ಲ. ನಿನ್ನ ಗಂಡನ ಬಡಿಯೂ ಸುತ್ತಿಗಿಗೆ ಅರಬಿ ಸುತ್ತಿ ಬಿಗದಾನ. ಸಪ್ಪಳ ಎಲ್ಲಿಂದ ಬರಬೇಕು? ಪ್ರತಿ ಸಲಾನೂ 'ಗಂಟಿ ಮುಟ್ಟಬ್ಯಾಡ್ರಿ ಚಾಚಾ' ಅಂತಿದ್ದಾ. ಯಾಕಂತ ನಾ ಕೇಳಲೇ ಇಲ್ಲ."

ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. ಗ್ರೀಸು ಕುಡಿದು ಕಪ್ಪು ತೊಗಲಿನಂತಾಗಿತ್ತು. ಬಿಡಿಸಿದೆ. ಒಳಮಡಿಕೆಯಲ್ಲಿ ಕೆಂಪು ಸೆರಗಿನಲ್ಲಿ ನೇಯ್ದ ಬಿಳಿ ತೆನೆಯ ಚಿತ್ತಾರ ಇನ್ನೂ ಕಾಣುತ್ತಿತ್ತು. ತವರಿನಿಂದ ಉಟ್ಟುಕೊಂಡು ಬಂದ ನನ್ನ ಇಳಕಲ್ ಸೀರೆ. ಬೇಲರ್ ಬಂದ ಹೊಸದರಲ್ಲಿ, ಒರೆಸಲು ಬಟ್ಟೆ ಬೇಕೆಂದು ಕೇಳಿದಾಗ ನಾನೇ ಹರಿದು ಕೊಟ್ಟದ್ದು.

ಅಲ್ಲೇ ಒಂದು ಹಳೆಯ ಟೈರಿನ ಮೇಲೆ ಕೂತೆ. ಹೆಂಡತಿ ನನ್ನ ಜೊತೆಗಿರಲಿ ಎಂದು ಅವ್ವನಿಗೆ ಹೇಳುವ ಧೈರ್ಯವಿಲ್ಲದ ಮನುಷ್ಯ ಗಂಟೆಯ ಬಾಯಿ ಕಟ್ಟಿದ್ದರು. ನನಗಾದರೂ ಹೇಳಬಹುದಿತ್ತು. ಇಷ್ಟು ಸುಗ್ಗಿಗಳಲ್ಲಿ ಒಮ್ಮೆಯಾದರೂ, ನೀನು ಪಕ್ಕದಲ್ಲಿರಬೇಕು ಎನ್ನಬಹುದಿತ್ತು. ಹೇಳಿದ್ದರೆ ಸಾಕಿತ್ತು, ಸೊಂಟ ನೋವೆಂದು ಒಂದು ದಿನವೂ ಗೊಣಗುತ್ತಿರಲಿಲ್ಲ. ಅವರ ಮೇಲೆ ಅಷ್ಟು ಸಿಟ್ಟು, ಅಷ್ಟು ಪ್ರೀತಿ ಒಟ್ಟಿಗೆ ಎಂದೂ ಬಂದಿರಲಿಲ್ಲ. ಗ್ಯಾರೇಜಿನಲ್ಲಿ ಅಷ್ಟು ಜನರೆದುರು ಬಿಕ್ಕಿ ಬಿಕ್ಕಿ ಅತ್ತೆ.

"ಮತ್ತ ಕಟ್ಟಲೇನವ್ವಾ?" ಚಾಚಾ ಮೆಲ್ಲಗೆ ಕೇಳಿದರು.

"ಬ್ಯಾಡ್ರಿ. ಹೊಡೀಲಿ."

ಮೊನ್ನೆ ಮೊದಲ ಗದ್ದೆ. ನಾನು ಬದುವಿನ ಮೇಲೆ ನಿಂತಿದ್ದೆ. ಬೇಲರ್ ಹುಲ್ಲು ತಿನ್ನುತ್ತ ನನ್ನೆದುರು ಹಾದುಹೋಯಿತು. ಬಾಗಿಲಿನ ಸಂದು ಬಿರಿಯಿತು, ಗಂಟೆ ಹೊಡೆಯಿತು, ಡ್ರೈವರ್ ನಿಲ್ಲಿಸಿದ. ಸುತಳಿ ಸುತ್ತಿಕೊಂಡು ಉಂಡೆ ಉರುಳಿ ಬಿತ್ತು. ಅವನು ಖುಷಿಯಿಂದ ಕೂಗಿದ:

"ಅಕ್ಕಾರ, ಗಂಟಿ ಛಲೋ ಕೇಳಸ್ತೈತ್ರಿ! ನೀವ್ಯಾಕ ಧೂಳಾಗ ನಿಂತೀರಿ, ಮನಿಗೆ ಹೋಗ್ರಿ. ನಿಮಗೇನೂ ಕೆಲಸ ಇಲ್ಲ ಇಲ್ಲಿ."

ಪಾಪ, ಒಳ್ಳೆಯ ಮಾತೇ ಆಡಿದ. ಗಂಟೆ ಹೊಡೆಯುವುದಕ್ಕೂ ಮೊದಲೇ ನನ್ನ ಬಲಗೈ, ಅಂಗೈ ಬಿಚ್ಚಿಕೊಂಡು, ಮೇಲೆದ್ದಿತ್ತು. ಅದನ್ನು ಎಲ್ಲಿ ಇಳಿಸಬೇಕೋ ತಿಳಿಯದೆ ಸೆರಗಿನೊಳಗೆ ಮುಚ್ಚಿಕೊಂಡೆ.