ಅಮರಗುಂಡಪ್ಪ ಮಾಸ್ತರರ ಕೆಂಪು ಪೆನ್ನು

ಅಮರಗುಂಡಪ್ಪ ಮಾಸ್ತರರು ಬಿ.ಎ. ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ ಮೂರನೇ ಸಲಕ್ಕೆ ದಡ ಸೇರಿದವರು. ಅಂಥವರನ್ನೇ ಸರ್ಕಾರ ಹುಡುಕಿ ಮಸ್ಕಿ ಕಡೆಯ ನಮ್ಮ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಕಳಿಸಿತು. ನಾನು ಅಲ್ಲಿಯ ಗುಮಾಸ್ತ. "ನಪಾಸಾದವಗ ತಪ್ಪಿನ ಬೆಲಿ ಗೊತ್ತಿರತೈತ್ರಿ" ಎಂದು ಅವರು ಬಂದ ದಿನವೇ ನನಗೆ ಹೇಳಿದ್ದರು. ಜೇಬಿನಲ್ಲಿ ಸದಾ ಒಂದು ಕೆಂಪು ಪೆನ್ನು. ಒಮ್ಮೆ ಮುದಗಲ್ಲಿನಿಂದ ಹೆಂಡತಿ ಗದ್ದೆಮ್ಮ, ಕೂಸಿಗೆ ಜ್ವರ ಬಂದಿದೆ, ಬೇಗ ಬನ್ನಿ ಎಂದು ಕಾಗದ ಬರೆದಿದ್ದರು. ಈ ಮಹಾಶಯರು ಮೊದಲು 'ಜರ' ಎಂಬುದನ್ನು 'ಜ್ವರ' ಎಂದು ತಿದ್ದಿ, ಆಮೇಲೆ ಬಸ್ಸಿಗೆ ಓಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ಆದರೆ ಪಾಠ ಮಾಡುವುದರಲ್ಲಿ ಅವರ ಸಮಕ್ಕೆ ಯಾರೂ ಇರಲಿಲ್ಲ. ಕ್ಯಾನ್, ಮೇ, ಶುಡ್, ಮಸ್ಟ್ ಎಂದು ಹಲಗೆಯ ಮೇಲೆ ಬರೆದು ಶುರು ಮಾಡಿದರೆಂದರೆ ನಾನೂ ಆಫೀಸು ಬಿಟ್ಟು ಕಿಟಕಿಯ ಬಳಿ ನಿಲ್ಲುತ್ತಿದ್ದೆ.

"ಈ ನಾಕು ಮಾತಿನ ಮ್ಯಾಲೆ ನಿಮ್ಮ ಬಾಳೇವು ನಡದೈತ್ರಲೇ! ನನ್ನ ಕೈಲೆ ಆಗತೈತಿ ಅಂದ್ರ ಕ್ಯಾನ್. ಆದ್ರ ಆದೀತು, ಇಲ್ಲಾಂದ್ರ ಇಲ್ಲ ಅಂದ್ರ ಮೇ. ಮಾಡಿದ್ರ ಚಲೋ ಅಂದ್ರ ಶುಡ್. ಮಾಡಾಕ ಬೇಕು, ಬ್ಯಾರೆ ದಾರಿನ ಇಲ್ಲ ಅಂದ್ರ ಮಸ್ಟ್. ಗೈಡಿನ್ಯಾಗಿನ ವಾಕ್ಯ ತಂದ್ರ ನಾ ನೋಟ್‌ಬುಕ್ ಮುಟ್ಟಂಗಿಲ್ಲ. ನಿಮ್ಮ ನಿಮ್ಮ ಮನಿ ಸುದ್ದಿ ಬರೀರಿ."

ಮಕ್ಕಳು ಬರೆಯುತ್ತಿದ್ದರು. ನಮ್ಮ ಎಮ್ಮೆ ನಾಳೆ ಈಯಬಹುದು. ನಮ್ಮಪ್ಪ ಒಬ್ಬನೇ ಭತ್ತದ ಚೀಲ ಎತ್ತಬಲ್ಲ. ಅಕ್ಕನನ್ನು ಕರೆತರಲು ಅಣ್ಣ ದಢೇಸುಗೂರಿಗೆ ಹೋಗಲೇಬೇಕು. ಊರಿನ ಸುದ್ದಿಯೆಲ್ಲ ಇಂಗ್ಲಿಷಿನಲ್ಲಿ ಅವರ ಮೇಜಿನ ಮೇಲೆ ಬಂದು ಬೀಳುತ್ತಿತ್ತು.

ಎಂಬತ್ತೇಳನೇ ಇಸವಿಯಲ್ಲಿ ಹತ್ತನೇ ತರಗತಿಯಲ್ಲಿ ಯಮನಮ್ಮ ಎಂಬ ಹುಡುಗಿ ಇದ್ದಳು. ಕುರಿ ಕಾಯುವ ಮಾನಪ್ಪನ ಮಗಳು. ಆ ಮನೆಯಲ್ಲಿ ಅಕ್ಷರ ಕಲಿತವಳು ಅವಳೊಬ್ಬಳೇ. ಹತ್ತನೆಯದು ಪಾಸಾದರೆ ನರ್ಸ್ ತರಬೇತಿಗೆ ಅರ್ಜಿ ಹಾಕಬೇಕೆಂದು ನನ್ನ ಹತ್ತಿರ ಎರಡು ಸಲ ವಿಚಾರಿಸಿದ್ದಳು. ಅವಳಿಗಿದ್ದ ಭಯ ಇಂಗ್ಲಿಷಿನದೊಂದೇ. ಮಾಸ್ತರರು ಮಾತಾಡಿಸಿದರೆ ನೆಲ ನೋಡುತ್ತಿದ್ದಳೇ ಹೊರತು ತುಟಿ ಬಿಚ್ಚುತ್ತಿರಲಿಲ್ಲ.

ಮಾಘಮಾಸದ ಒಂದು ಸೋಮವಾರದಿಂದ ಅವಳು ಬರುವುದು ನಿಂತಿತು. ಸುಗ್ಗಿ ಕೂಲಿಗೆ ಹೋಗಿರಬೇಕೆಂದು ನಾವು ಸುಮ್ಮನಿದ್ದೆವು. ಮುಂದಿನ ವಾರ ಮಾಸ್ತರರ ತಾಸಿನಲ್ಲಿ ನಾನು ಹಾಲ್‌ಟಿಕೆಟ್ ಹಂಚಲು ಹೋದಾಗ ಗೆಳತಿ ಕನಕಮ್ಮ ಎದ್ದು ನಿಂತು ಹೇಳಿದಳು: "ಆಕಿದು ಲಗ್ನ ಆತ್ರಿ ಸರ. ವಳಕಮದಿನ್ನಿಗೆ ಕೊಟ್ಟಾರ."

ಮಾಸ್ತರರು ಸಿಟ್ಟಾದರು. "ನನಗೊಂದು ಮಾತು ಹೇಳಬಾರದೇನು? ಒಬ್ಬರಾದ್ರೂ ಹೇಳಿದ್ರೇನು?" ಎಂದು ತರಗತಿಗೆಲ್ಲ ಬೈದರು. ಕನಕಮ್ಮ ತಲೆ ತಗ್ಗಿಸಿ, "ನಿಮಗ ಬರದು ತಿಳಿಸೀನಿ ಅಂತ ಆಕಿ ಹೇಳಿದ್ಲ್ರಿ" ಎಂದಳು.

ಅವಳ ನೋಟ್‌ಬುಕ್ಕು ಆಫೀಸಿನ ಅಲಮಾರಿಯಲ್ಲೇ ಇತ್ತು. ಮಾಸ್ತರರು ತೆಗೆದು ಕೊನೆಯ ಪುಟ ಓದಿ, ಕನ್ನಡದಲ್ಲಿ ನನಗೂ ಹೇಳಿದರು. ಅವಳು ಬರೆದದ್ದು ಐದೇ ವಾಕ್ಯ: ನಾನು ಇಂಗ್ಲಿಷ್ ಓದಬಲ್ಲೆ. ಸೋಮವಾರ ನಾನು ಮದುವೆಯಾಗಲೇಬೇಕು. ನಾನು ಒಲ್ಲೆ ಅನ್ನಲಾರೆ. ಅದಕ್ಕೂ ಮೊದಲು ನೀವು ನಮ್ಮ ಮನೆಗೆ ಬರಬೇಕು. ನಿಮ್ಮ ಮಾತನ್ನು ನನ್ನ ಅಪ್ಪ ಕೇಳಬಹುದು.

ಒಂದೊಂದರ ಮುಂದೆಯೂ ಕೆಂಪು ಪೆನ್ನಿನ ಸರಿ ಗುರುತು. ಕೆಳಗೆ ಹತ್ತಕ್ಕೆ ಹತ್ತು, ವೆರಿ ಗುಡ್. ತಾರೀಖು ನೋಡಿದೆ. ಲಗ್ನಕ್ಕೆ ಐದು ದಿನ ಮುಂಚಿನದು.

ತನ್ನ ಮನೆಯಲ್ಲಿ ಯಾರಿಗೂ ಓದಲು ಬಾರದ ಭಾಷೆಯಲ್ಲಿ ಹುಡುಗಿ ಕೂಗಿ ಕರೆದಿದ್ದಳು. ಓದಬಲ್ಲವರು ಕಾಗುಣಿತ ನೋಡಿ ಮುಚ್ಚಿಟ್ಟಿದ್ದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು.

ಅವತ್ತೇ ಸಂಜೆ ಇಬ್ಬರೂ ಮಾನಪ್ಪನ ಗುಡಿಸಲಿಗೆ ಹೋದೆವು. ಅವನು ಕಂಬಳಿ ಹಾಸಿ ಕೂರಿಸಿದ. "ಕೊಟ್ಟ ಹೆಣ್ಣು, ಈಗ ನಂದೇನು ನಡಿತೈತ್ರಿ ಸರ? ಲಗ್ನಕ್ಕ ನಾಕು ದಿನ ಮೊದ್ಲ ನಿಮ್ಮಂಥವರು ಬಂದು ಹೇಳಿದ್ರ ಪರೀಕ್ಷಿ ತನಕ ತಡೀತಿದ್ದೆ. ಆಕಿ ಬಾಳ ಅತ್ಲು. ನನಗೇನು ತಿಳಿತೈತ್ರಿ ಸಾಲಿ ಸುದ್ದಿ?" ಎಂದ.

ಮಾಸ್ತರರು ಕುಡಿಯುತ್ತಿದ್ದ ನೀರಿನ ಚೆಂಬನ್ನು ಕೆಳಗಿಟ್ಟರು.

ಮರುದಿನ ಸಿಂಧನೂರಿಗೆ ಹೋಗಿ, ಅಲ್ಲಿಂದ ವಳಕಮದಿನ್ನಿಯ ಬಸ್ಸು ಹಿಡಿದೆವು. ಕಾಲುವೆಗೆ ನೀರು ಬಿಟ್ಟು ಊರಿಗೆ ಊರೇ ನಾಟಿಗೆ ಇಳಿದಿತ್ತು. ಗದ್ದೆಯ ಬದುವಿನ ಮೇಲೆ ಅತ್ತೆ ತಿಮ್ಮವ್ವ ನಮ್ಮ ಅಹವಾಲನ್ನು ಪೂರ್ತಿ ಕೇಳಿದಳು. ಕೆಟ್ಟ ಹೆಂಗಸೇನಲ್ಲ. "ಆಳು ಸಿಗವಲ್ರು, ಅದಕ ಸೊಸಿ ತಂದೀವ್ರಿ. ಪರೀಕ್ಷಿ ಹೊತ್ತಿಗೆ ನಾಟಿ ಮುಗಿದಿದ್ರ ಕಳಸಾನು" ಎಂದು ಹಾಲ್‌ಟಿಕೆಟ್ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸಾಲಿನಲ್ಲಿ ಬಗ್ಗಿ ಸಸಿ ಊರುತ್ತಿದ್ದವರಲ್ಲಿ ಒಬ್ಬಳು ಒಮ್ಮೆ ನೆಟ್ಟಗಾಗಿ ನಮ್ಮ ಕಡೆ ನೋಡಿ ಮತ್ತೆ ಬಗ್ಗಿದಳು.

ಇಂಗ್ಲಿಷ್ ಪರೀಕ್ಷೆಯ ದಿನ ಲಿಂಗಸುಗೂರಿನ ಕೇಂದ್ರದ ಗೇಟಿನಲ್ಲಿ ಮಾಸ್ತರರು ಬೆಳಿಗ್ಗೆಯಿಂದ ನಿಂತರು. ಗಂಟೆ ಹೊಡೆಯಿತು, ಅರ್ಧ ತಾಸಿನ ಮೇಲೆ ಗೇಟೂ ಮುಚ್ಚಿತು. ಸಿಂಧನೂರು ಕಡೆಯ ಬಸ್ಸು ಬಂದಾಗಲೆಲ್ಲ ಅವರು ಕತ್ತು ಚಾಚುತ್ತಿದ್ದರು. "ಬರ್ರಿ ಮಾಸ್ತರ, ಚಾ ಕುಡಿಯೂನು" ಎಂದೆ. ಬರಲಿಲ್ಲ. ಪರೀಕ್ಷೆ ಮುಗಿದು ಮಕ್ಕಳೆಲ್ಲ ಹೊರಬಂದ ಮೇಲೆ ಅವರ ಹಿಂದೆ ನಡೆದರು.

ಅಲ್ಲಿಂದಾಚೆ ಒಂದೊಂದು ನೋಟ್‌ಬುಕ್ಕನ್ನೂ ಎರಡು ಸಲ ಓದತೊಡಗಿದರು. ಮೊದಲು ಸುದ್ದಿಗೆ, ಆಮೇಲೆ ತಪ್ಪಿಗೆ. ತರಗತಿಗೆ ಹೋದವರೇ "ಎಮ್ಮಿ ಈತೇನಲೇ? ನಿಮ್ಮವ್ವ ಆರಾಮಾದ್ಲೇನು?" ಎಂದು ಕೇಳುತ್ತಿದ್ದರು. ಮಾಸ್ತರರಿಗೆ ತಲೆ ಕೆಟ್ಟಿದೆ ಎಂದು ಹುಡುಗರು ನಗುತ್ತಿದ್ದರು. ಯಮನಮ್ಮನಂತೆ ಕರೆದವರು ಆಮೇಲೆ ಯಾರೂ ಬರಲಿಲ್ಲ. ಬಂದಿದ್ದರೆ ಇವರ ಎದೆ ಎಷ್ಟೋ ಹಗುರಾಗುತ್ತಿತ್ತು.

ತೊಂಬತ್ನಾಲ್ಕರಲ್ಲಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಕೂತಿದ್ದಾಗ ಹೆಣ್ಣುಮಗಳೊಬ್ಬಳು ಎದುರು ಬಂದು ನಿಂತಳು. ಕಂಕುಳಲ್ಲಿ ಒಂದು ಕೂಸು, ಕೈಯಲ್ಲಿ ಒಂದು.

"ಆರಾಮದೀರೇನ್ರಿ ಸರ? ನಾ ಯಮನಮ್ಮ."

ಮಾಸ್ತರರು ಎದ್ದು ನಿಂತುಬಿಟ್ಟರು. ತಮ್ಮ ತರಗತಿಯ ಹುಡುಗಿಗೆ ಎದ್ದು ನಿಂತ ಮಾಸ್ತರರನ್ನು ನಾನು ಅವತ್ತೇ ನೋಡಿದ್ದು. ಅವಳು ಮಳೆ, ಬೆಳೆ, ಅಪ್ಪನ ಕೆಮ್ಮು ಅದೂ ಇದೂ ಮಾತಾಡಿದಳು. ಸಿಂಧನೂರಿನ ಬಸ್ಸು ಬಂತು. ಹತ್ತಲು ಹೋದವಳು ತಿರುಗಿ ಬಂದಳು.

"ಸರ, ಒಂದು ಕೇಳತೀನಿ, ಬೈಬ್ಯಾಡ್ರಿ. ಅವತ್ತು ನೋಟ್‌ಬುಕ್ಕಿನ್ಯಾಗ ಬರದಿದ್ನೆಲ್ರಿ. ನಿಮಗ ತಿಳಿಲಿಲ್ಲ ಅಂದ್ರ ನಾನ ಏನರ ತಪ್ಪು ಬರದಿರಬೇಕು ಅಂತ ಇಷ್ಟು ವರ್ಷ ಹಳಹಳಿಸೀನ್ರಿ. ಎಲ್ಲಿ ತಪ್ಪಿದ್ದೆ?"

"ಇಲ್ಲವಾ ತಂಗಿ," ಎಂದರು ಮಾಸ್ತರರು. "ಒಂದೂ ತಪ್ಪಿದ್ದಿಲ್ಲ. ಹತ್ತಕ್ಕ ಹತ್ತು ಹಾಕಿದ್ದೆ."

ಯಮನಮ್ಮನ ಮುಖ ಅರಳಿತು. "ಹಂಗಾರ ನಾ ಪಾಸ್ ಆಗ್ತಿದ್ನೆಲ್ರಿ ಸರ!" ಎಂದು ಕೈಯಲ್ಲಿದ್ದ ಕೂಸನ್ನೂ ಎತ್ತಿಕೊಂಡು ಬಸ್ಸು ಹತ್ತಿದಳು.