ಅವ್ವ ಬರೆಸಿದ ಪಟ್ಟಿ

ಮನೆಯಲ್ಲಿ ಸುಟ್ಟ ವಾಸನೆ ಬಂದರೆ ಮೊದಲು ಅಡುಗೆಮನೆಯ ಕಡೆ ತಿರುಗಿ ಕೂಗುವುದು ನಮ್ಮಂಥ ಗಂಡಸರ ಹಳೇ ಚಾಳಿ. ಹೋದ ತಿಂಗಳು ನಾನೂ ಕೂಗಿದೆ. ಹೆಂಡತಿ ಬಂದು ನನ್ನ ಮೇಜಿನ ಕೆಳಗಿದ್ದ ಕಂಪ್ಯೂಟರ್ ಡಬ್ಬಕ್ಕೆ ಕೈ ತೋರಿಸಿ ಹೋದಳು. ಅದು ಆಗಲೇ ಕಣ್ಣು ಮುಚ್ಚಿತ್ತು.

ಬೇರೆ ದಿನವಾಗಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ. ಚಿಕ್ಕ ಮಗಳ ಮದುವೆಗೆ ಕರೆಯಲು ಹೊರಡಬೇಕಿತ್ತು, ಕರೆಯುವ ಪಟ್ಟಿ ಅದರೊಳಗಿತ್ತು. ದೊಡ್ಡ ಮಗಳ ಮದುವೆಗೆಂದು ಅವ್ವ ಪಕ್ಕದಲ್ಲಿ ಕೂತು ಹೇಳಿ ಬರೆಸಿದ್ದು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಯಾರಿಗೆ ಕುಂಕುಮ ಕೊಟ್ಟು ಕರೆಯಬೇಕು, ಯಾರಿಗೆ ಫೋನು ಸಾಕು, ಎಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. “ಉಮ್ಮತ್ತೂರಲ್ಲಿ ಮೊದ್ಲು ಮ್ಯಾಗಳ ಮನೆಗೋಗ್ಲಾ. ಕೆಳಗಳ ಮನೇಲಿ ಕಾಪಿ ಕುಡ್ದು ಆಮೇಲೋದ್ರೆ ಅವ್ರು ಮಕ ಊದಿಸ್ಕತಾರೆ.” ಅದನ್ನೂ ಟೈಪ್ ಮಾಡಿದ್ದೆ. ಅವ್ವ ಹೋಗಿ ನಾಲ್ಕು ವರ್ಷ. ಈಗ ಅದು ಇನ್ಯಾರ ತಲೆಯಲ್ಲೂ ಇಲ್ಲ.

ಡಬ್ಬವನ್ನು ಹಳೇ ಸೀರೆಯಲ್ಲಿ ಸುತ್ತಿ, ಸಂತೆಮರಹಳ್ಳಿಯಲ್ಲಿ ಬಸ್ಸು ಹತ್ತಿ, ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಚಾಮರಾಜನಗರಕ್ಕೆ ಹೋದೆ. ರಿಪೇರಿ ಮಾಡುವ ಮಾದೇಶ ಮುಚ್ಚಳ ತೆಗೆದು ಮೂಸಿದ. “ಮದರ್‌ಬೋರ್ಡ್ ಸುಟ್ಟೋಗದೆ ಸಾ. ಬ್ಯಾರೆ ಆಕನ. ನಿಮ್ ಪೈಲೆಲ್ಲ ಇರದು ಆರ್ಡ್‌ಡಿಸ್ಕಲ್ಲಿ, ಮೊದ್ಲು ಅದ ಈಚೆಗೆ ತಗುದ್ಬುಡನ.” ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ನನ್ನ ಕೈಗೇ ಕೊಟ್ಟ. “ಇಡ್ಕಂಡಿರಿ. ಬೀಳುಸ್ಬುಟ್ಟೀರಿ ಮತ್ತೆ!”

ಅಂಗೈಯಗಲದ ಆ ತಗಡಿನ ಪೆಟ್ಟಿಗೆಯನ್ನು ಹಿಡಿದು, ಉಳಿದಿರಲಿ ದೇವರೇ ಎಂದುಕೊಂಡೆ. ನಿಮ್ಮಲ್ಲಿ ಮುಚ್ಚುಮರೆ ಯಾಕೆ, ಹಾಳಾಗಿದ್ದರೂ ಒಳ್ಳೆಯದೇ ಎಂದೂ ಒಂದು ಗಳಿಗೆ ಅನ್ನಿಸಿತು.

ಅವ್ವ ಹೇಳಿದ ಒಂದು ಹೆಸರನ್ನು ನಾನು ಟೈಪ್ ಮಾಡಿರಲಿಲ್ಲ. ಗುಂಡ್ಲುಪೇಟೆಯ ಚಿಕ್ಕವ್ವನದು, ಅವ್ವನ ಒಡಹುಟ್ಟಿದ ತಂಗಿಯದು. ಅಪ್ಪನ ತಿಥಿಯ ದಿನ ಅವಳು ನಾಲ್ಕು ಜನರ ಎದುರಿಗೆ, “ಇವ್ನು ಬ್ಯಾಗ ಆಸ್ಪತ್ರೆಗೆ ಕರ್ಕಂಡೋಗಿದ್ರೆ ಬಾವ ಉಳೀತಿದ್ರು” ಎಂದಿದ್ದಳು. ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತ್ತು. ಅವ್ವ ಅವಳ ಹೆಸರೆತ್ತಿದಾಗ ಸುಮ್ಮನೆ ಸ್ಪೇಸ್ ಕೀಲಿಯನ್ನು ಟಕಟಕ ಕುಟ್ಟಿ, ಮತ್ತೆ ಅಳಿಸಿಬಿಟ್ಟೆ. “ಓದಿ ಏಳ್ಲಾ” ಎಂದಾಗ ಇಲ್ಲದ ಹೆಸರನ್ನು ಸೇರಿಸಿಯೇ ಓದಿದೆ. ಮದುವೆಯ ದಿನ ಅವ್ವ ಛತ್ರದ ಬಾಗಿಲು ನೋಡಿ ನೋಡಿ, “ಕರುದ್ರೂ ಬರ್ನಿಲ್ವಲ್ಲ” ಎಂದಳು. ಅತ್ತ ಗುಂಡ್ಲುಪೇಟೆಯಲ್ಲಿ ಚಿಕ್ಕವ್ವ, ಅಕ್ಕ ಕರೆಯಲೇ ಇಲ್ಲವೆಂದು ಕುದಿದಳು. ಇಬ್ಬರೂ ಬಿಗುಮಾನದವರು, ಮತ್ತೆ ಮಾತಾಡಲಿಲ್ಲ. ಅವ್ವನ ಮಣ್ಣಿಗೆ ಬಂದ ಚಿಕ್ಕವ್ವ ನೀರೂ ಮುಟ್ಟದೆ ಹೊರಟುಹೋದಳು. ಅಂದೂ ನಾನು ಬಾಯಿ ಬಿಡಲಿಲ್ಲ.

ಮಾದೇಶ ಮೊದಲು ಫೈಲುಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡ. ಆಮೇಲೆ ಹೊಸ ಬೋರ್ಡ್ ಕೂರಿಸಿ, ಡಿಸ್ಕನ್ನು ಮತ್ತೆ ಜೋಡಿಸಿ, ಪಟ್ಟಿ ತೆರೆದು ತೋರಿಸಿದ. “ನೋಡಿ ಸಾ, ಒಂದಕ್ಸರ ಓಗಿಲ್ಲ.” ನಿಜವೇ. ಕೆಳಗಿನ ಮನೆಯ ಕಾಫಿಯೂ ಹಾಗೇ ಇತ್ತು. ಸಂತೋಷಪಡಬೇಕಾದ ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ನಾನು ಬರೆಯದೆ ಬಿಟ್ಟದ್ದನ್ನು ಯಾವ ಮಾದೇಶ ತಾನೇ ತೆಗೆದುಕೊಟ್ಟಾನು?

ಮಾರನೆಯ ದಿನ ಮೊದಲ ಬಸ್ಸಿಗೇ ಗುಂಡ್ಲುಪೇಟೆಗೆ ಹೋದೆ. ಚಿಕ್ಕವ್ವ ಜಗಲಿಯಲ್ಲಿ ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಕುಂಕುಮದ ಬಟ್ಟಲು ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಕಾದೆ. ಅವಳು ಕೈಯಲ್ಲಿದ್ದ ಈರುಳ್ಳಿಯನ್ನು ಸುಲಿದು ಮುಗಿಸಿ ಕೇಳಿದಳು:

“ಅಕ್ಕ ನನ್ನೆಸ್ರ ಎಷ್ಟನೇದಾಗಿ ಏಳಿದ್ಲು?”

“ಮೊದಲ್ನೇದೇ ಚಿಕ್ಕವ್ವ.”

ಅವಳು ಕುಂಕುಮ ತೆಗೆದುಕೊಂಡು ಹಣೆಗಿಟ್ಟಳು. ಮದುವೆಗೆ ಬರುತ್ತಾಳೆ. ಪಟ್ಟಿಯ ಮೊದಲ ಸಾಲಿನಲ್ಲಿ ಈಗ ಅವಳ ಹೆಸರಿದೆ, ಇದನ್ನು ಬರೆಯಲು ಕೂರುವ ಮುಂಚೆ ಟೈಪ್ ಮಾಡಿದೆ. ಆದರೆ ಅಂದು ನಾನು ಹೊರಟು ನಿಂತಾಗ ಅವಳು ಇನ್ನೊಂದು ಕೇಳಿದಳು.

“ನಂಗೇನೋ ಏಳ್ಬುಟ್ಟೆ. ನಮ್ಮಕ್ಕನ್ಗೆ ಯಾರ್ಲಾ ಏಳೋರು?”